ಬಸ್ಸಿನ ಮನೆಗೆ ಚಳಿಗಾಲದ ಇನ್ಸುಲೇಶನ್: ಮೊದಲು ಕಿಟಕಿ, ಆಮೇಲೆ ಗೋಡೆ

ಅಮೆರಿಕದಲ್ಲಿ ಶಾಲೆಗಳು ಹರಾಜು ಹಾಕಿದ ಹಳದಿ ಬಸ್ಸನ್ನು ಕೊಂಡು ಮನೆ ಮಾಡಿಕೊಂಡವರು ಅದನ್ನು ‘ಸ್ಕೂಲಿ’ ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಮಿನೆಸೋಟಾ, ವರ್ಮಾಂಟ್, ಮೊಂಟಾನಾ ಕಡೆ ಪಾದರಸ ಮೈನಸ್ 18 ಡಿಗ್ರಿಗೆ ಇಳಿದ ರಾತ್ರಿ ಅದೇ ಬಸ್ಸು ತಗಡಿನ ಡಬ್ಬಿ. ಹೀಟರ್ ಎಷ್ಟು ಉರಿದರೂ ಕಾಲು ತಣ್ಣಗೆ, ಬೆಳಗ್ಗೆ ಹಾಸಿಗೆಯ ಅಂಚು ಒದ್ದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಬಹಳ ಜನ ಗೋಡೆಗೆ ದಪ್ಪ ಫೋಮ್ ತುಂಬಿಸುವುದರಿಂದ ಶುರು ಮಾಡುತ್ತಾರೆ. ಕಿಟಕಿಗೆ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ಚಳಿಯೂ ಬಂದಿರುತ್ತದೆ. ಆದ್ದರಿಂದ ಮೊದಲು ಲೆಕ್ಕ.

ಒಳಗೆ 30 ಅಡಿ ಉದ್ದ, ಏಳೂವರೆ ಅಡಿ ಅಗಲದ ಬಸ್ಸು ಎಂದುಕೊಳ್ಳಿ. ಚಾವಣಿಯ ಬಾಗು ಸೇರಿಸಿದರೆ ಅದರ ವಿಸ್ತೀರ್ಣ ಸುಮಾರು 240 ಚದರಡಿ. ಎರಡಡಿಗೆ ಎರಡಡಿಯ ಕಿಟಕಿ ಇಪ್ಪತ್ತು ಇದ್ದರೆ ಗಾಜು ಒಟ್ಟು 80 ಚದರಡಿ. ಒಳಗೆ 70 ಫ್ಯಾರನ್‌ಹೀಟ್, ಅಂದರೆ 21 ಸೆಲ್ಸಿಯಸ್. ಹೊರಗೆ ಸೊನ್ನೆ ಫ್ಯಾರನ್‌ಹೀಟ್, ಅಂದರೆ ಮೈನಸ್ 18. ವಿಸ್ತೀರ್ಣವನ್ನು ಫ್ಯಾರನ್‌ಹೀಟ್ ವ್ಯತ್ಯಾಸದಿಂದ ಗುಣಿಸಿ ಆರ್-ವ್ಯಾಲ್ಯೂದಿಂದ (ಶಾಖ ಸೋರದಂತೆ ತಡೆಯುವ ಶಕ್ತಿಯ ಅಳತೆ) ಭಾಗಿಸಿದರೆ ಗಂಟೆಗೆ ಎಷ್ಟು ಬಿಟಿಯು (ಶಾಖದ ಒಂದು ಅಳತೆ) ಶಾಖ ಸೋರುತ್ತದೆ ಎಂದು ಸಿಗುತ್ತದೆ. ಒಂದೂವರೆ ಇಂಚು ಫೋಮ್ ಹಾಕಿದ ಚಾವಣಿಗೆ ಆರ್-9 ಹಿಡಿದರೆ 1,870 ಬಿಟಿಯು, ಅಂದರೆ ಸುಮಾರು 550 ವ್ಯಾಟ್. ಒಂಟಿ ಗಾಜಿನ ಆರ್-ವ್ಯಾಲ್ಯೂ ಹೆಚ್ಚುಕಡಿಮೆ 1. ಅದರಿಂದ ಸೋರುವುದು 5,600 ಬಿಟಿಯು, ಸುಮಾರು 1,640 ವ್ಯಾಟ್. ಇಡೀ ಚಾವಣಿ ಕಳೆಯುವುದರ ಮೂರರಷ್ಟನ್ನು ಅದರ ಮೂರನೇ ಒಂದು ಭಾಗದಷ್ಟಿರುವ ಗಾಜು ಕಳೆಯುತ್ತದೆ.

ಅದೇ ಗಾಜಿಗೆ ರಾತ್ರಿ ಒಂದಿಂಚು ಪಾಲಿಐಸೊ ಎಂಬ ಫೋಮ್ ಹಲಗೆ ಒತ್ತಿದರೆ ಸೋರಿಕೆ 235 ವ್ಯಾಟಿಗೆ ಇಳಿಯುತ್ತದೆ. ಡೀಸೆಲ್ ಹೀಟರ್ ಇದ್ದರೆ ಹತ್ತು ಗಂಟೆಯ ರಾತ್ರಿಗೆ ಒಂದೂವರೆ ಲೀಟರಿನಷ್ಟು ಡೀಸೆಲ್ ಉಳಿತಾಯ. ಇದಕ್ಕೆ ಬೇಕಾಗುವುದು ನಾಲ್ಕಡಿ-ಎಂಟಡಿಯ ಮೂರು ಶೀಟು.

ನೀರು ಎಲ್ಲಿಂದ ಬರುತ್ತದೆ

ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಾಗ ಒಳಮೈಯಿಂದ ನೀರು ತೊಟ್ಟಿಕ್ಕುತ್ತದಲ್ಲ, ಚಳಿಗಾಲದ ಬಸ್ಸಿನ ತಗಡೂ ಅದೇ ಮುಚ್ಚಳ. 20 ಡಿಗ್ರಿ ಬಿಸಿಯಿದ್ದು ತೇವಾಂಶ ಶೇಕಡಾ 60 ಇರುವ ಗಾಳಿ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮುಟ್ಟಿದರೂ ನೀರಾಗುತ್ತದೆ. ತೇವಾಂಶ 40ಕ್ಕೆ ಇಳಿದರೆ ಆ ಗಡಿ 6 ಡಿಗ್ರಿಗೆ ಇಳಿಯುತ್ತದೆ. ಹೊರತಗಡು ಮೈನಸ್‌ನಲ್ಲಿರುವಾಗ ಅದನ್ನು ಒಳಗಿನ ಗಾಳಿ ಮುಟ್ಟಲೇಬಾರದು. ಕೆಳಗೆ ಹೇಳುವ ಕೆಲಸದಲ್ಲಿ ಅರ್ಧ ಪಾಲು ಇದಕ್ಕಾಗಿಯೇ.

ಗ್ಲಾಸ್‌ವೂಲ್, ಕುರಿಯುಣ್ಣೆ, ಹಳೇ ಬಟ್ಟೆಯ ಹತ್ತಿ ಇವನ್ನು ತಗಡಿಗೂ ಒಳಪದರಕ್ಕೂ ನಡುವೆ ತುಂಬಬೇಡಿ ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಇವು ಶಾಖ ತಡೆಯುತ್ತವೆ, ಗಾಳಿ ತಡೆಯುವುದಿಲ್ಲ. ಹಬೆ ನುಸುಳಿ ತಗಡು ಮುಟ್ಟಿ ನೀರಾಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲ, ಏಕೆಂದರೆ ತಗಡಿನಲ್ಲಿ ಆವಿ ದಾಟುವುದಿಲ್ಲ. ಮಾರ್ಚ್‌ನಲ್ಲಿ ಹಲಗೆ ಬಿಚ್ಚಿದರೆ ಕಪ್ಪಗೆ ಬೂಷ್ಟು ಹಿಡಿದ ಉಣ್ಣೆ, ಹಿಂದೆ ತುಕ್ಕು.

ಬಿಚ್ಚುವ ಕೆಲಸ

ಸೀಟಿನ ಬೋಲ್ಟುಗಳು ನೆಲ ದಾಟಿ ಕೆಳಗೆ ನಟ್ಟಿಗೆ ಕೂತಿರುತ್ತವೆ. ತುಕ್ಕು ಹಿಡಿದವನ್ನು ಸ್ಪ್ಯಾನರಿನಲ್ಲಿ ತಿರುಗಿಸಿ ದಿನ ಕಳೆಯುವ ಬದಲು ಆಂಗಲ್ ಗ್ರೈಂಡರಿನಲ್ಲಿ ತಲೆ ಹಾರಿಸಿ. ಸೀಟಿನಡಿಯ ಹಳೇ ಹೀಟರ್ ತೆಗೆಯುವುದಾದರೆ ಕೂಲಂಟ್ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಮುಚ್ಚಿ. ಹಾಗೇ ಬಿಟ್ಟರೆ ಎಂಜಿನ್ ನೀರೆಲ್ಲ ನೆಲಕ್ಕೆ. ಆಮೇಲೆ ಕಪ್ಪು ರಬ್ಬರ್ ಮ್ಯಾಟ್, ಅದರಡಿಯ ಪ್ಲೈವುಡ್ ಎರಡನ್ನೂ ಕೀಳಿ. ಮೇಲೆ ಗಟ್ಟಿಯಾಗಿ ಕಂಡರೂ ಕೀಳಿ. ಹತ್ತಾರು ಚಳಿಗಾಲ ಮಕ್ಕಳ ಬೂಟಿನ ಹಿಮ, ರಸ್ತೆಯ ಉಪ್ಪು ಎಲ್ಲ ಇಳಿದು ಕೂತಿರುವುದು ಅಲ್ಲೇ.

ಚಾವಣಿಯ ಒಳತಗಡು ಕೆಲವು ಬಸ್ಸುಗಳಲ್ಲಿ ಸ್ಕ್ರೂ, ಕೆಲವುಗಳಲ್ಲಿ ರಿವೆಟ್. ರಿವೆಟ್ ಆದರೆ ತಲೆ ಉಜ್ಜಿ ಪಂಚಿನಿಂದ ಹೊಡೆದು ತಳ್ಳಬೇಕು. ನೂರಾರು ಇರುತ್ತವೆ, ಇಬ್ಬರಿಗೆ ಎರಡು ಮೂರು ದಿನದ ಕೆಲಸ ಎಂದೇ ಇಟ್ಟುಕೊಳ್ಳಿ. ಮೇಲಿಂದ ಹಳೇ ಗ್ಲಾಸ್‌ವೂಲ್ ಇಲಿಹಿಕ್ಕೆ ಸಮೇತ ತಲೆಮೇಲೆ ಬೀಳುತ್ತದೆ. ಎನ್-95 ದರ್ಜೆಗೆ ಕಡಿಮೆಯಿಲ್ಲದ ಮಾಸ್ಕ್, ಕನ್ನಡಕ, ತೋಳುದ್ದದ ಅಂಗಿ ಇಲ್ಲದೆ ಕೈ ಹಾಕಬೇಡಿ.

ಚಾವಣಿ ಬಿಚ್ಚಲು ಸಮಯವೇ ಇಲ್ಲ, ಚಳಿ ಬಾಗಿಲಿಗೆ ಬಂದಿದೆ ಎನ್ನುವವರಿಗೆ ಒಂದು ದಾರಿಯಿದೆ. ನಾಲ್ಕು ಕಡೆ ಸ್ಕ್ರೂ ಬಿಚ್ಚಿ ಒಳಗೆ ಇಣುಕಿ. ಗ್ಲಾಸ್‌ವೂಲ್ ಒಣಗಿದ್ದು ತಗಡಿನಲ್ಲಿ ತುಕ್ಕಿಲ್ಲದಿದ್ದರೆ ಇರುವ ಚಾವಣಿಗೇ ಒಂದಿಂಚು ಫೋಮ್ ಅಂಟಿಸಿ, ಸಂದು ಟೇಪ್ ಮಾಡಿ, ಮೇಲೆ ತೆಳು ಪ್ಲೈ ಹೊಡೆಯಿರಿ. ತಲೆಯೆತ್ತರ ಒಂದಿಂಚು ಚಿಲ್ಲರೆ ಹೋಗುತ್ತದೆ. ಒದ್ದೆಯಿದ್ದರೆ ಈ ದಾರಿ ಬೇಡ.

ನೆಲದ ತುಕ್ಕು, ತೂತು, ಪೆನ್ನಿ

ಸಡಿಲ ತುಕ್ಕನ್ನು ಗ್ರೈಂಡರಿಗೆ ಹಾಕಿದ ತಂತಿ ಬ್ರಷ್ಷಿನಿಂದ ಕೆರೆದು, ಗುಡಿಸಿ, ಫಾಸ್ಫಾರಿಕ್ ಆಮ್ಲದ ತುಕ್ಕುನಿರೋಧಕ ಹಚ್ಚಿ. ಅದು ಕಂದು ತುಕ್ಕನ್ನು ಕಪ್ಪು ಪದರವಾಗಿ ಬದಲಿಸುತ್ತದೆ. ಒಣಗಿದ ಮೇಲೆ ಎರಡು ಕೋಟ್ ತುಕ್ಕುತಡೆ ಪೇಂಟ್. ಸ್ಕ್ರೂಡ್ರೈವರ್ ಒತ್ತಿದರೆ ತೂತಾಗುವ ಕಡೆ ಪೇಂಟ್ ನಿಲ್ಲದು; ಅಲ್ಲಿ ಹೊಸ ತಗಡಿನ ತೇಪೆಯೇ ಆಗಬೇಕು.

ಸೀಟು ಕಿತ್ತ ಮೇಲೆ ಉಳಿಯುವ ನೂರಾರು ಬೋಲ್ಟ್ ತೂತುಗಳಿಗೆ ಸ್ಕೂಲಿಯವರು ಕಂಡುಕೊಂಡ ಉಪಾಯ ಒಂದು ಸೆಂಟಿನ ಪೆನ್ನಿ ನಾಣ್ಯ. ತೂತಿನ ಸುತ್ತ ಪಾಲಿಯುರೆಥೇನ್ ಸೀಲಂಟಿನ ಉಂಗುರ ಬಿಡಿ, ನಾಣ್ಯವನ್ನು ಬೆರಳಿನಿಂದ ಒತ್ತಿ ಅರ್ಧ ಸುತ್ತು ತಿರುಗಿಸಿ. ಅಂಚಿನ ಸುತ್ತ ಸೀಲಂಟ್ ಉಕ್ಕಿ ಬಂದರೆ ಕೂತಿತು ಎಂದು ಅರ್ಥ. ಒಂದು ಕಡೆ ಮಾತ್ರ ಉಕ್ಕಿದ್ದರೆ ತೆಗೆದು ಮತ್ತೆ ಹಚ್ಚಿ.

ಗಾಳಿ ನುಗ್ಗುವ ಸಂದುಗಳು

ಇದರಷ್ಟು ಅಗ್ಗದ ಕೆಲಸ ಇನ್ನೊಂದಿಲ್ಲ. ಗಾಳಿ ಬೀಸುವ ದಿನ ಎಲ್ಲ ಮುಚ್ಚಿ ಊದುಬತ್ತಿ ಹಚ್ಚಿಕೊಂಡು ನಿಧಾನವಾಗಿ ಒಂದು ಸುತ್ತು ಬನ್ನಿ. ಹೊಗೆ ಅಡ್ಡಡ್ಡ ಓಡಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಮಡಚುವ ಮುಂಬಾಗಿಲಿನ ನಡುಸಂದು, ಹಿಂದಿನ ತುರ್ತುಬಾಗಿಲಿನ ರಬ್ಬರ್, ಡ್ಯಾಶ್‌ಬೋರ್ಡಿನ ಕೆಳಗೆ ವೈರು ಹೊರಗೆ ಹೋಗುವ ತೂತು, ಪೆಡಲುಗಳ ಬುಡ, ಗೇರಿನ ರಬ್ಬರ್ ಚೀಲ, ಮೇಲಿನ ಹ್ಯಾಚು ಇವೇ ಸಾಮಾನ್ಯ ಅಪರಾಧಿಗಳು.

ಕಿಟಕಿಗಳನ್ನು ಚೌಕಟ್ಟು ಸಮೇತ ಬಿಚ್ಚಿ, ಹಳೇ ಸೀಲಂಟ್ ಕೆರೆದು, ಬ್ಯೂಟೈಲ್ ಟೇಪ್ ಮೇಲೆ ಕೂರಿಸಬೇಕು. ಹೊರಗಿನ ಸಂದುಗಳಿಗೆ ಪಾಲಿಯುರೆಥೇನ್. ಸಿಲಿಕೋನ್ ಬೇಡ: ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ, ಮುಂದೆ ಹೊಸ ಸೀಲಂಟೂ ಅಂಟುವುದಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆಯಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಫೋಮ್ ಹಾಕುವ ಮೊದಲೇ ಈ ಪರೀಕ್ಷೆ ಆಗಬೇಕು. ಆಮೇಲೆ ಸೋರಿದರೆ ನೀರು ಎಲ್ಲೋ ಇಳಿದು ಇನ್ನೆಲ್ಲೋ ಕಾಣಿಸುತ್ತದೆ.

ಯಾವ ಫೋಮ್, ಎಷ್ಟು

ಬಸ್ಸಿಗೆ ಆಗಿಬರುವ ಹಲಗೆ ಎರಡು. ಎಕ್ಸ್‌ಪಿಎಸ್, ಅಂದರೆ ಗುಲಾಬಿ ಅಥವಾ ನೀಲಿ ಬಣ್ಣದ ಗಟ್ಟಿ ಫೋಮ್: ಇಂಚಿಗೆ ಆರ್-5, ನೀರು ಹೀರುವುದು ತೀರ ಕಡಿಮೆ, ಭಾರ ತಡೆಯುತ್ತದೆ. ಪಾಲಿಐಸೊ, ಅಂದರೆ ಎರಡೂ ಮೈಗೆ ಬೆಳ್ಳಿಹಾಳೆ ಅಂಟಿಸಿದ್ದು: ಇಂಚಿಗೆ ಸುಮಾರು ಆರ್-6, ಆದರೆ ಚಳಿ ಹೆಚ್ಚಾದಂತೆ ಅದರ ಶಕ್ತಿ ಕುಗ್ಗುತ್ತದೆ, ಕತ್ತರಿಸಿದ ಅಂಚು ನೀರು ಹೀರುತ್ತದೆ. ಆದ್ದರಿಂದ ನೆಲಕ್ಕೆ ಎಕ್ಸ್‌ಪಿಎಸ್ ಮಾತ್ರ. ಚಾವಣಿ ಗೋಡೆಗಳಲ್ಲಿ ತಗಡಿನ ಕಡೆ ಎಕ್ಸ್‌ಪಿಎಸ್, ಒಳಕಡೆ ಪಾಲಿಐಸೊ ಇಟ್ಟರೆ ಎರಡರ ಗುಣವೂ ಸಿಗುತ್ತದೆ.

ನಮ್ಮ ಅಳತೆಯ ಬಸ್ಸಿಗೆ 32 ಚದರಡಿಯ ಶೀಟುಗಳ ಲೆಕ್ಕ ಹೀಗೆ: ನೆಲಕ್ಕೆ ಒಂದಿಂಚಿನವು 8, ಚಾವಣಿಗೆ ಮುಕ್ಕಾಲಿಂಚಿನವು ಎರಡು ಪದರಕ್ಕೆ 17, ಕಿಟಕಿಯ ಕೆಳಗಿನ ಗೋಡೆಗೆ ಅದೇ ಮುಕ್ಕಾಲಿಂಚಿನವು 9, ಕಿಟಕಿ ಹಲಗೆಗೆ ಒಂದಿಂಚು ಪಾಲಿಐಸೊ 3. ಜೊತೆಗೆ ಕಡಿಮೆ ಹಿಗ್ಗುವ ಸ್ಪ್ರೇ ಫೋಮ್ ಹತ್ತು ಹನ್ನೆರಡು ಡಬ್ಬಿ, ಬೆಳ್ಳಿಟೇಪ್ ನಾಲ್ಕು ಸುರುಳಿ.

ದೊಡ್ಡ ಕಟ್ಟಡಗಳ ಚಾವಣಿ ಬದಲಿಸುವಾಗ ಕಿತ್ತ ಪಾಲಿಐಸೊ ಹಲಗೆಗಳನ್ನು ಮಾರುವವರಿದ್ದಾರೆ. ಹೊಸದಕ್ಕಿಂತ ಬಹಳ ಅಗ್ಗ. ಕೊಳ್ಳುವಾಗ ಪ್ರತಿಯೊಂದನ್ನೂ ಕೈಯಲ್ಲಿ ಎತ್ತಿ ನೋಡಿ. ಒಣ ಹಲಗೆ ಹಗುರ, ಒಂದು ಕೈಗೆ ಬರುತ್ತದೆ. ಭಾರ ಎನಿಸಿದ್ದು ನೀರು ಕುಡಿದಿದೆ, ಪುಕ್ಕಟೆ ಕೊಟ್ಟರೂ ಬೇಡ. ಎರಡು ಡಬ್ಬಿಯ ಸ್ಪ್ರೇ ಫೋಮ್ ಕಿಟ್ ಒಳ್ಳೆಯದೇ, ಇಂಚಿಗೆ ಆರ್-6ಕ್ಕೂ ಹೆಚ್ಚು, ತಗಡಿಗೇ ಅಂಟಿಕೊಳ್ಳುತ್ತದೆ; ಆದರೆ ಇಡೀ ಬಸ್ಸಿಗೆ ಹೊಡೆಯಲು ದುಬಾರಿ, ತಗಡು ತಣ್ಣಗಿದ್ದರೆ ಸರಿಯಾಗಿ ಹಿಡಿಯುವುದೂ ಇಲ್ಲ. ಚಿಕ್ಕ ಕಿಟ್ ತಂದು ಚಕ್ರದ ಗುಮ್ಮಟ (ಚಕ್ರದ ಮೇಲೆ ನೆಲದಿಂದ ಉಬ್ಬಿರುವ ತಗಡು), ಮೂಲೆ ಮುರುಕುಗಳಿಗೆ ಬಳಸಿ.

ಬಬಲ್ ಇರುವ ಬೆಳ್ಳಿಹಾಳೆ ಬಗ್ಗೆ ಒಂದು ಮಾತು. ಅದು ಕೆಲಸ ಮಾಡುವುದು ಮುಂದೆ ಖಾಲಿ ಗಾಳಿಯ ಜಾಗ ಇದ್ದಾಗ. ತಗಡಿಗೂ ಪ್ಲೈವುಡ್ಡಿಗೂ ನಡುವೆ ಒತ್ತಿ ಇಟ್ಟರೆ ಅದರಿಂದ ಆರ್-1ರಷ್ಟೂ ಸಿಗುವುದು ಕಷ್ಟ.

ನೆಲ

ಪೇಂಟ್ ಒಣಗಿದ ತಗಡಿನ ಮೇಲೆ ಎಕ್ಸ್‌ಪಿಎಸ್ ಹಾಸಿ, ಸಂದುಗಳಿಗೆ ಟೇಪ್, ಗೋಡೆಯಂಚಿಗೆ ಸ್ಪ್ರೇ ಫೋಮ್. ಮೇಲೆ ಅರ್ಧ ಅಥವಾ ಮುಕ್ಕಾಲಿಂಚಿನ ಪ್ಲೈವುಡ್, ಫೋಮಿನ ಸಂದಿನ ಮೇಲೆ ಪ್ಲೈ ಸಂದು ಬೀಳದಂತೆ ಅಡ್ಡಡ್ಡ ಹಾಕಿ. ನಡುವೆ ಮರದ ಪಟ್ಟಿ ಬೇಡ, ತಗಡಿಗೆ ಸ್ಕ್ರೂ ಹೊಡೆಯುವುದೂ ಬೇಡ. ಫೋಮ್ ನಜ್ಜುಗುಜ್ಜಾದೀತು ಎಂಬ ಭಯ ಬೇಡ: 15 ಪಿಎಸ್‌ಐ (ಚದರಿಂಚಿಗೆ 15 ಪೌಂಡ್) ದರ್ಜೆಯದೇ ಚದರಡಿಗೆ ಎರಡು ಸಾವಿರ ಪೌಂಡಿಗೂ ಹೆಚ್ಚು ತಾಳುತ್ತದೆ. ಒಲೆ, ಮಂಚ, ಕಪಾಟುಗಳನ್ನು ಮಾತ್ರ ಬಸ್ಸಿನ ಉಕ್ಕಿಗೆ ಬೋಲ್ಟ್ ಮಾಡಲೇಬೇಕು, ಗಾಡಿ ಓಡುವಾಗ ಅವು ಹಾರಬಾರದು. ಚಕ್ರದ ಗುಮ್ಮಟ ಬರೀ ತಗಡು, ಅದನ್ನು ಮರೆತವರೇ ಹೆಚ್ಚು. ಸುತ್ತ ಫೋಮಿನ ಪೆಟ್ಟಿಗೆ ಕಟ್ಟಿ.

ಚಾವಣಿ ಮತ್ತು ಗೋಡೆ

ವೈರುಗಳನ್ನು ಮೊದಲೇ ಪೈಪಿನೊಳಗೆ ಎಳೆದಿಡಿ. ಪಿವಿಸಿ ಹೊದಿಕೆಯ ವೈರು ಪಾಲಿಸ್ಟೈರೀನ್ ಫೋಮಿಗೆ (ಎಕ್ಸ್‌ಪಿಎಸ್ ಅದೇ ಜಾತಿಯದು) ತಾಗಿಕೊಂಡೇ ಇದ್ದರೆ ವರ್ಷಗಳು ಕಳೆದಂತೆ ಹೊದಿಕೆ ಪೆಡಸಾಗುತ್ತದೆ.

ಬಸ್ಸಿನ ರಿಬ್ಬುಗಳ (ತಗಡನ್ನು ಹೊತ್ತ, ಪಕ್ಕೆಲುಬಿನಂತಹ ಉಕ್ಕಿನ ಪಟ್ಟಿಗಳು) ಆಳ ಸಾಮಾನ್ಯವಾಗಿ ಒಂದೂವರೆ ಇಂಚಿನ ಆಸುಪಾಸು. ನಿಮ್ಮದನ್ನು ಅಳೆದೇ ಶೀಟು ಕೊಳ್ಳಿ. ಒಂದೂವರೆ ಇಂಚಿನ ಒಂದೇ ಹಲಗೆ ಬಾಗಿಗೆ ಬಗ್ಗದೆ ಮುರಿಯುತ್ತದೆ, ಅದಕ್ಕೇ ಮುಕ್ಕಾಲಿಂಚಿನ ಎರಡು ಪದರ. ಪಾಲಿಐಸೊ ಬಗ್ಗಿಸಲು ತಗಡಿನ ಕಡೆಯ ಮೈಗೆ ಎರಡಿಂಚಿಗೊಂದು ಅರ್ಧ ಆಳದ ಗೀರು ಹಾಕಿ. ಒಳಮೈಯ ಬೆಳ್ಳಿಹಾಳೆ ಕತ್ತರಿಸಬೇಡಿ. ಹಲಗೆಯನ್ನು ಗೂಡಿಗಿಂತ ಸುತ್ತಲೂ ಕಾಲಿಂಚು ಚಿಕ್ಕದಾಗಿ ಕತ್ತರಿಸಿ, ಫೋಮಿಗೆಂದೇ ಮಾಡಿದ ಅಂಟು ಹಚ್ಚಿ ಒತ್ತಿ, ಕಡ್ಡಿ ಆನಿಸಿ ಬಿಡಿ. ಸಾಮಾನ್ಯ ಅಂಟಿನ ದ್ರಾವಕ ಎಕ್ಸ್‌ಪಿಎಸ್ ಅನ್ನು ಕರಗಿಸಿಬಿಡುತ್ತದೆ. ಹಲಗೆ ಮೇಲಿಂದ ನೋಡಲು ಸರಿಯಿದ್ದು ಹಿಂದೆ ಗುಳಿ ಬಿದ್ದಿರುತ್ತದೆ. ಆ ಕಾಲಿಂಚು ಸಂದಿಗೆ ಸ್ಪ್ರೇ ಫೋಮ್ ತುಂಬಿ, ಒಣಗಿದ ಮೇಲೆ ಉಬ್ಬಿದ್ದನ್ನು ಚಾಕುವಿನಿಂದ ಸವರಿ, ಬೆಳ್ಳಿಟೇಪ್ ಹಚ್ಚಿ. ಹಲಗೆಯನ್ನು ಬಿಗಿಯಾಗಿ ಕತ್ತರಿಸಿ ತುರುಕಿದರೆ ಕೂದಲೆಳೆಯ ಸಂದು ಉಳಿಯುತ್ತದೆ, ಅದಕ್ಕೆ ಫೋಮ್ ಇಳಿಯದು, ಹಬೆ ಮಾತ್ರ ಇಳಿಯುತ್ತದೆ.

ಇಷ್ಟಾದರೂ ರಿಬ್ಬುಗಳು ಬಾಕಿ. ಉಕ್ಕು ಈ ಫೋಮಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ದಾಟಿಸುತ್ತದೆ. ತೆಳ್ಳಗೆ ಹಿಮ ಬಿದ್ದ ಬೆಳಗ್ಗೆ ಏಣಿ ಹಾಕಿ ಬಸ್ಸಿನ ನೆತ್ತಿ ನೋಡಿ: ರಿಬ್ಬಿನ ಸಾಲಿನಲ್ಲಿ ಮಾತ್ರ ಹಿಮ ಕರಗಿ, ಬಿಳಿ ಹಾಸಿನ ಮೇಲೆ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಒಳಗಡೆ ಅದೇ ಗೆರೆಗಳಲ್ಲಿ ನೀರಿನ ಹನಿ ಸಾಲುಗಟ್ಟಿರುತ್ತದೆ. ಮದ್ದು ಸುಲಭ. ಪ್ರತಿ ರಿಬ್ಬಿನ ಮೇಲೆ ಅರ್ಧ ಇಂಚು ಎಕ್ಸ್‌ಪಿಎಸ್ ಪಟ್ಟಿ, ಅದರ ಮೇಲೆ ತೆಳು ಪ್ಲೈ ಪಟ್ಟಿ ಇಟ್ಟು, ಎರಡನ್ನೂ ದಾಟುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂವಿನಿಂದ ರಿಬ್ಬಿಗೆ ಬಿಗಿಯಿರಿ. ಚಾವಣಿಯ ಮರವನ್ನು ಆ ಪ್ಲೈ ಪಟ್ಟಿಗೆ ಮಾತ್ರ ಹೊಡೆಯಿರಿ. ಫೋಮನ್ನು ಎಲ್ಲೂ ಬರಿದಾಗಿ ಬಿಡಬೇಡಿ, ಬೆಂಕಿ ತಗುಲಿದರೆ ಧಗ್ಗನೆ ಹೊತ್ತಿಕೊಳ್ಳುತ್ತದೆ. ಸೌದೆ ಒಲೆ ಇಡುವ ಮೂಲೆಯಲ್ಲಿ ಫೋಮ್ ಬೇಡ. ಅಲ್ಲಿ ಮಾತ್ರ ಮಿನರಲ್ ವೂಲ್, ಅದರ ಮುಂದೆ ತಗಡು, ಒಲೆಯ ಜೊತೆ ಬಂದ ಪುಸ್ತಕ ಹೇಳಿದಷ್ಟು ಅಂತರ.

ಕಿಟಕಿ

ಇಪ್ಪತ್ತು ಕಿಟಕಿ ಯಾರಿಗೂ ಬೇಡ. ಸ್ನಾನದ ಜಾಗ, ಕಪಾಟಿನ ಹಿಂದೆ, ಮಂಚದ ತಲೆಯ ಕಡೆ ಇರುವವನ್ನು ತೆಗೆದು ತಗಡು ರಿವೆಟ್ ಮಾಡಿ, ಒಳಗೆ ಗೋಡೆಯಂತೆಯೇ ಫೋಮ್ ತುಂಬಿ. ಅರ್ಧ ಮುಚ್ಚಿದರೂ ಗಾಜಿನ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಹಿಂದಿನ ತುರ್ತುಬಾಗಿಲು ಮತ್ತು ಮಂಚದ ಹತ್ತಿರದ ತುರ್ತುಕಿಟಕಿ ಇವೆರಡನ್ನು ಏನೇ ಆದರೂ ಮುಚ್ಚಬೇಡಿ.

ಉಳಿದವಕ್ಕೆ ರಾತ್ರಿಯ ಹಲಗೆ. ಒಂದಿಂಚು ಪಾಲಿಐಸೊ ಶೀಟನ್ನು ಎರಡಡಿ ಚೌಕಗಳಾಗಿ ಕತ್ತರಿಸಿದರೆ ಶೀಟಿಗೆ ಎಂಟು. ಪ್ರತಿಯೊಂದನ್ನೂ ಅದರದೇ ಕಿಟಕಿಗೆ ಅಳೆದು ಕಾಲಿಂಚು ಸವರಿ, ಹಿಂದೆ ನಂಬರ್ ಬರೆಯಿರಿ. ಹಳೇ ಬಸ್ಸಿನಲ್ಲಿ ಎರಡು ಕಿಟಕಿ ಒಂದೇ ಅಳತೆಗಿರುವುದಿಲ್ಲ. ಅಂಚಿನ ಸುತ್ತ ಸ್ಪಂಜಿನ ಬೀಡಿಂಗ್ ಅಂಟಿಸಿ, ಒಳಮೈಗೆ ಹಳೇ ಬೆಡ್‌ಶೀಟ್ ಹೊದಿಸಿ, ಎಳೆಯಲು ಬಟ್ಟೆಯ ಕಿವಿ ಹೊಲಿಯಿರಿ. ಅಯಸ್ಕಾಂತ ನಂಬಿ ಕೂರುವವರು ಗಮನಿಸಿ: ಬಸ್ಸಿನ ಮೈ ಉಕ್ಕಾದರೂ ಕಿಟಕಿಯ ಚೌಕಟ್ಟು ಅಲ್ಯೂಮಿನಿಯಂ, ಅಯಸ್ಕಾಂತ ಅದಕ್ಕೆ ಹಿಡಿಯದು.

ಬೀಡಿಂಗ್ ಸಡಿಲವಾಗಿದ್ದರೆ ಹಲಗೆ ಹಾಕಿದ್ದೇ ತೊಂದರೆಯಾಗುತ್ತದೆ. ಹಲಗೆಯ ಹಿಂದಿನ ಗಾಜು ಮೊದಲಿಗಿಂತ ಹೆಚ್ಚು ತಣ್ಣಗಿರುತ್ತದೆ. ಸಂದಿನಿಂದ ಹಬೆ ಹೋದರೆ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟಿ, ಬೆಳಗ್ಗೆ ಕರಗಿ ಗೋಡೆಯೊಳಗೆ ಇಳಿಯುತ್ತದೆ. ದಿನಾ ಬೆಳಗ್ಗೆ ಹಲಗೆ ತೆಗೆದು ಗಾಜು ಒರೆಸುವುದು ಚಳಿಗಾಲದ ಮನೆಗೆಲಸಗಳಲ್ಲಿ ಒಂದು ಎಂದೇ ಇಟ್ಟುಕೊಳ್ಳಿ. ಹಗಲು ಬೆಳಕು ಬೇಕಾದ ಕಡೆ ಗಾಜಿಗೆ ನೀರು ಚಿಮುಕಿಸಿ ಬಬಲ್ ರ‍್ಯಾಪ್ ಒತ್ತಿದರೆ ಅಂಟಿಲ್ಲದೆಯೇ ನಿಲ್ಲುತ್ತದೆ.

ಡ್ರೈವರ್ ಜಾಗವನ್ನು ಬೆಚ್ಚಗೆ ಮಾಡಲು ದುಡ್ಡು ಸುರಿಯಬೇಡಿ. ಅಷ್ಟಗಲ ಮುಂಗಾಜಿಗೆ ಏನು ಮಾಡಿದರೂ ಸಾಲದು. ಸೀಟಿನ ಹಿಂದೆ, ಚಾವಣಿಯಿಂದ ನೆಲ ಮುಟ್ಟುವಂತೆ ಸಾಮಾನು ಸಾಗಿಸುವವರ ದಪ್ಪ ರಜಾಯಿ ಎರಡು ಪದರ ತೂಗುಹಾಕಿ, ಬದಿಗಳನ್ನು ವೆಲ್ಕ್ರೋದಿಂದ ಬಿಗಿಮಾಡಿ.

ಬಸ್ಸಿನ ಕೆಳಗೆ

ಚಳಿಗಾಲವಿಡೀ ಒಂದೇ ಕಡೆ ನಿಲ್ಲಿಸುವುದಾದರೆ ಸುತ್ತ ನೆಲದವರೆಗೆ ಫೋಮ್ ಹಲಗೆಯ ಲಂಗ ಕಟ್ಟಿದರೆ ಅಡಿಯಲ್ಲಿ ಗಾಳಿ ಬೀಸುವುದು ನಿಲ್ಲುತ್ತದೆ. ಹುಲ್ಲಿನ ಪೆಂಡಿ ಅಗ್ಗ, ಆದರೆ ಇಲಿಗೂ ಬೆಂಕಿಗೂ ಅದು ಇಷ್ಟ. ಡೀಸೆಲ್ ಹೀಟರಿನ ಹೊಗೆಪೈಪ್ ಲಂಗ ದಾಟಿ ಹೊರಗೆ ಬರಲೇಬೇಕು. ಒಳಗೇ ಉಳಿದರೆ ಕಾರ್ಬನ್ ಮಾನಾಕ್ಸೈಡ್ ನೆಲದ ಸಂದುಗಳಿಂದ ಮಲಗುವ ಜಾಗಕ್ಕೆ ಏರುತ್ತದೆ. ನೀರಿನ ಟ್ಯಾಂಕನ್ನು ಬಸ್ಸಿನ ಒಳಗೇ ಇಡಿ.

ಉಸಿರಾಡಲು ಗಾಳಿ

ಪ್ರೊಪೇನ್ ಉರಿದರೆ ತನ್ನ ತೂಕಕ್ಕಿಂತ ಹೆಚ್ಚು ನೀರು ಮಾಡುತ್ತದೆ: ಒಂದು ಕಿಲೋಗೆ 1.6 ಕಿಲೋ. ಅಂಗಡಿಯಲ್ಲಿ ಸಿಗುವ ಒಂದು ಪೌಂಡಿನ ಹಸಿರು ಸಿಲಿಂಡರ್, ಚಿಮಣಿಯಿಲ್ಲದ ಹೀಟರಿನಲ್ಲಿ ಖಾಲಿಯಾಗುವ ಹೊತ್ತಿಗೆ ಮುಕ್ಕಾಲು ಲೀಟರಿನಷ್ಟು ನೀರು ಗಾಳಿಗೆ ಸೇರಿರುತ್ತದೆ. ಇಬ್ಬರು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದ ಇನ್ನು ಅರ್ಧ ಲೀಟರಿನಷ್ಟು. ಅನ್ನ, ಸಾರು, ಕುಕ್ಕರಿನ ಸೀಟಿ ಇರುವ ನಮ್ಮ ಅಡುಗೆಯಲ್ಲಿ ಹಬೆ ಬ್ರೆಡ್ಡಿನ ಊಟಕ್ಕಿಂತ ಎಷ್ಟೋ ಹೆಚ್ಚು. ಪಾತ್ರೆಗೆ ಮುಚ್ಚಳ ಹಾಕಿ, ಮೇಲಿನ ಫ್ಯಾನ್ ಹಾಕಿಕೊಂಡೇ ಬೇಯಿಸಿ. ಹೊರಗಿನ ಗಾಳಿಯನ್ನೇ ಎಳೆದು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರನ್ನು ನಾವು ಮೆಚ್ಚುವುದು ಅದು ಒಣ ಶಾಖ ಕೊಡುತ್ತದೆ ಎಂಬುದಕ್ಕೆ.

ಬೆಚ್ಚಗಿರಲೆಂದು ಚಾವಣಿಯ ಫ್ಯಾನಿನ ಬಾಯಿಯನ್ನು ಬಟ್ಟೆ ತುರುಕಿ ಮುಚ್ಚುವುದು ಬೇಡ. ಮೈನಸ್ 10ರ ಗಾಳಿ ಘನಮೀಟರಿಗೆ ಎರಡೂವರೆ ಗ್ರಾಮಿಗಿಂತ ಹೆಚ್ಚು ನೀರು ಹೊರಲಾರದು. ಒಳಗಿನ 20 ಡಿಗ್ರಿಯ ಗಾಳಿ 17 ಗ್ರಾಂ ಹೊರಬಲ್ಲದು. ಹಾಗಾಗಿ ಹೊರಗಿನಿಂದ ಬಂದು ಬೆಚ್ಚಗಾದ ಗಾಳಿಯಂತಹ ಒಣ ಬಟ್ಟೆ ಇನ್ನೊಂದಿಲ್ಲ. ಕೆಳಗೆ ಒಂದು ಕಿಟಕಿ ಬೆರಳಗಲ, ಮೇಲೆ ಫ್ಯಾನ್ ಬಾಯಿ ಎರಡು ಬೆರಳಗಲ ತೆರೆದಿರಲಿ. ಅಗ್ಗದ ಹೈಗ್ರೋಮೀಟರ್ ಗೋಡೆಗೆ ತೂಗುಹಾಕಿ ತೇವಾಂಶವನ್ನು 40ರಿಂದ 50ರ ಒಳಗೆ ಇಟ್ಟುಕೊಳ್ಳಿ. ಹಾಸಿಗೆಯನ್ನು ಗಟ್ಟಿ ಹಲಗೆಯ ಮೇಲೆ ಹಾಸದೆ ಸಂದು ಬಿಟ್ಟ ಪಟ್ಟಿಗಳ ಮೇಲೆ ಹಾಸಿ, ಹೊರಗೋಡೆಗೆ ತಾಗದಂತೆ ಎರಡಿಂಚು ಬಿಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ತಲೆದಿಂಬಿನ ಎತ್ತರದಲ್ಲಿ ಒಂದು, ಅಡುಗೆಯ ಕಡೆ ಇನ್ನೊಂದು. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ.

ದುಡ್ಡು ತೀರ ಬಿಗಿಯಿದ್ದು ಎಲ್ಲವೂ ಈ ವರ್ಷ ಆಗದು ಎಂದಾದರೆ, ಅಕ್ಟೋಬರಿನಲ್ಲಿ ಸಂದುಗಳ ಸೀಲಂಟ್, ಕಿಟಕಿ ಹಲಗೆ, ಮುಂದಿನ ರಜಾಯಿ ಪರದೆ ಈ ಮೂರು ಮಾಡಿ. ಚಾವಣಿ ಬಿಚ್ಚುವ ಕೆಲಸವನ್ನು ಮುಂದಿನ ಬೇಸಿಗೆಗೆ ಇಡಿ. ಅಂಟು, ಪೇಂಟ್, ಸ್ಪ್ರೇ ಫೋಮ್ ಮೂರೂ ತಗಡು ಬೆಚ್ಚಗಿರುವಾಗಲೇ ಸರಿಯಾಗಿ ಹಿಡಿಯುವುದು.